ಗ್ರಾಂಡೆ ದ್ವೀಪದ ಹವಳಗಳು

ಗೋವಾದ ಮರ್ಮಗೋವಾ ಬಳಿ, ಅರಬ್ಬಿ ಸಮುದ್ರದ ಗ್ರಾಂಡೆ ದ್ವೀಪದ ಸುತ್ತ ಬೆಳೆದಿರುವ ಹವಳ ಸಮುದಾಯ. ಕುಡಚಡೆಯನ್ನು ಹಾದು ಬರುವ ಜುವಾರಿ ನದಿ ಮಳೆಗಾಲದಲ್ಲಿ ಈ ಕರಾವಳಿಗೆ ಹೂಳು ತರುತ್ತದೆ; ನೀರು ಕದಡಿ ಬೆಳಕು ಕುಗ್ಗುತ್ತದೆ. ದೋನಾ ಪಾವ್ಲಾದ ರಾಷ್ಟ್ರೀಯ ಸಾಗರ ವಿಜ್ಞಾನ ಸಂಸ್ಥೆ (ಸ್ಥಾಪನೆ: 1966) ಇಲ್ಲಿನ ಹವಳಗಳ ಬಿಳಿಚುವಿಕೆಯನ್ನು ಅಧ್ಯಯನ ಮಾಡಿದೆ. ನೀರು ಅತಿಯಾಗಿ ಬಿಸಿಯಾದಾಗ ಹವಳದ ಜೀವಿ ತನ್ನೊಳಗಿದ್ದು ಆಹಾರ ಒದಗಿಸುವ ಸೂಕ್ಷ್ಮ ಪಾಚಿಯನ್ನು ಹೊರಹಾಕುತ್ತದೆ. ಪಾರದರ್ಶಕ ಅಂಗಾಂಶದಡಿಯ ಸುಣ್ಣದ ಗೂಡು ಬೆಳ್ಳಗೆ ಕಾಣುತ್ತದೆ. ಬಿಸಿ ಬೇಗ ತಗ್ಗಿದರೆ ಹವಳ ಚೇತರಿಸಿಕೊಳ್ಳಬಹುದು. ಮುಳ್ಳುಕಿರೀಟ ನಕ್ಷತ್ರಮೀನಿನ ಹಾವಳಿ ಬೇರೆ ಬಗೆಯದು: ಅದು ಜಠರವನ್ನು ಬಾಯಿಯಿಂದ ಹೊರಚಾಚಿ ಹವಳದ ಅಂಗಾಂಶವನ್ನೇ ಕರಗಿಸಿ ಹೀರುತ್ತದೆ. ಭಾರತದಲ್ಲಿ ಈ ಜೀವಿ ಲಕ್ಷದ್ವೀಪ, ಅಂಡಮಾನ್ ದಿಬ್ಬಗಳಲ್ಲಿ ದಾಖಲಾಗಿದೆ. ದಿಬ್ಬ ಕಟ್ಟುವ ಹವಳಗಳು 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ಒಂದನೇ ಅನುಸೂಚಿಯಲ್ಲಿವೆ.