ಹಾಲಿನ ಟ್ಯಾಂಕಿಗೆ ಫೋಮ್, ಮನುಷ್ಯರ ಮನೆಗೆ ಬರೀ ಶೀಟು: ಮಂಡ್ಯದ ಚಾವಣಿಗಳಿಗೆ ಬೇಕಿರುವುದೇನು?

ಮದ್ದೂರು, ಮಳವಳ್ಳಿ ಕಡೆಯ ಯಾವುದಾದರೂ ದೊಡ್ಡ ಹಾಲಿನ ಡೈರಿಗೆ ಹೋಗಿ ನೋಡಿ. ಅಲ್ಲಿರುವ ಬಲ್ಕ್ ಮಿಲ್ಕ್ ಕೂಲರ್ ಹಾಲನ್ನು 4 ಡಿಗ್ರಿ ಆಸುಪಾಸಿನಲ್ಲಿ ಕಾಪಾಡುತ್ತದೆ. ಆ ಟ್ಯಾಂಕಿನ ಎರಡು ಸ್ಟೀಲ್ ಪದರಗಳ ನಡುವೆ ತುಂಬಿರುವುದು ಪಾಲಿಯುರೆಥೇನ್ ಫೋಮ್. ಅದೇ ಊರಿನ ರೇಷ್ಮೆ ಹುಳುವಿನ ಮನೆಗೆ ಬನ್ನಿ. ಚಾಕಿ ಹುಳುವಿಗೆ 27-28 ಡಿಗ್ರಿ, ದೊಡ್ಡ ಹುಳುವಿಗೆ 24-25 ಡಿಗ್ರಿ ಬೇಕು ಅಂತ ಅಲ್ಲಿನ ರೈತರು ಬಾಯಿಪಾಠದಂತೆ ಹೇಳುತ್ತಾರೆ. ಗೋಡೆಗೆ ಥರ್ಮಾಮೀಟರ್ ತೂಗುಹಾಕಿರುತ್ತಾರೆ.

ಹಾಲಿಗೂ ಹುಳುವಿಗೂ ತಾಪಮಾನದ ಲೆಕ್ಕ ಇದೆ. ಪಕ್ಕದ ಶೀಟಿನ ಮನೆಯಲ್ಲಿ ಮಲಗುವ ಮನುಷ್ಯರಿಗೆ ಮಾತ್ರ ಯಾವ ಲೆಕ್ಕವೂ ಇಲ್ಲ.

ಚಳಿಗಾಲ ಹತ್ತಿರವಾಗುತ್ತಿದ್ದಂತೆ ಚಾವಣಿಗೆ ಸ್ಪ್ರೇ ಫೋಮ್ ಹೊಡೆಸುವ ವಿಡಿಯೋಗಳು ಮೊಬೈಲಿನಲ್ಲಿ ಓಡಾಡುತ್ತವೆ. ನಮ್ಮ ಮನೆಗೂ ಹೊಡೆಸಬಹುದಾ, ಹೊಡೆಸಬೇಕಾ ಎಂಬ ಪ್ರಶ್ನೆ ಸಹಜ. ಉತ್ತರ ನಿಮ್ಮ ತಲೆಯ ಮೇಲೆ ಎಂಥ ಚಾವಣಿ ಇದೆ ಎಂಬುದರ ಮೇಲೆ ನಿಂತಿದೆ.

ಏನಿದು ಸ್ಪ್ರೇ ಫೋಮ್?

ಪಾಲಿಯುರೆಥೇನನ್ನು 1937ರಲ್ಲಿ ಜರ್ಮನಿಯ ಓಟೋ ಬೇಯರ್ ಮತ್ತು ಸಂಗಡಿಗರು ಕಂಡುಹಿಡಿದರು. ಐಸೋಸಯನೇಟ್ ಮತ್ತು ಪಾಲಿಯೋಲ್ ಎಂಬ ಎರಡು ದ್ರವಗಳು ಗನ್ನಿನ ತುದಿಯಲ್ಲಿ ಬೆರೆತು, ಚಾವಣಿಗೆ ತಗುಲಿದ ಕೆಲವೇ ಕ್ಷಣಗಳಲ್ಲಿ ಉಬ್ಬಿ ಗಟ್ಟಿಯಾಗುತ್ತವೆ. ಒಳಗೆಲ್ಲಾ ಸಣ್ಣಸಣ್ಣ ಗುಳ್ಳೆಗಳು. ಆ ಗುಳ್ಳೆಗಳಲ್ಲಿ ಸಿಕ್ಕಿಕೊಂಡ ಅನಿಲ ಶಾಖವನ್ನು ಸುಲಭಕ್ಕೆ ದಾಟಗೊಡುವುದಿಲ್ಲ.

ಇದರಲ್ಲಿ ಎರಡು ಬಗೆ. ಗುಳ್ಳೆಗಳು ಮುಚ್ಚಿಕೊಂಡಿರುವ ಗಟ್ಟಿ ಫೋಮ್ ನೀರನ್ನೂ ತಡೆಯುತ್ತದೆ. ಗುಳ್ಳೆಗಳು ತೆರೆದಿರುವ ಮೆತ್ತನೆ ಫೋಮ್ ಅಗ್ಗ, ಆದರೆ ನೀರು ಹೀರುತ್ತದೆ. ಗಟ್ಟಿ ಫೋಮಿನ ತಾಕತ್ತು ಅರ್ಥವಾಗಬೇಕಾದರೆ ಹೀಗೆ ನೋಡಿ: 25 ಮಿಲಿಮೀಟರ್ ಫೋಮ್ ಎಷ್ಟು ಶಾಖ ತಡೆಯುತ್ತದೋ ಅಷ್ಟನ್ನು ತಡೆಯಲು ಸುಮಾರು ಒಂದೂವರೆ ಮೀಟರ್ ದಪ್ಪದ ಕಾಂಕ್ರೀಟ್ ಬೇಕು. ಫ್ರಿಜ್ಜು, ಕೋಲ್ಡ್ ಸ್ಟೋರೇಜು, ತಾರಸಿ ಮೇಲಿನ ಸೋಲಾರ್ ವಾಟರ್ ಹೀಟರಿನ ಟ್ಯಾಂಕು, ಎಲ್ಲದರೊಳಗೂ ಇದೇ ಕೆಲಸ ಮಾಡುತ್ತಿದೆ.

ಚಳಿಗಾ, ಬಿಸಿಲಿಗಾ?

ಮಂಡ್ಯದಲ್ಲಿ ಡಿಸೆಂಬರ್, ಜನವರಿಯ ರಾತ್ರಿ ಸಾಮಾನ್ಯವಾಗಿ 15-16 ಡಿಗ್ರಿ ಆಸುಪಾಸು ಇರುತ್ತದೆ. ಒಂದು ಕಂಬಳಿ ಹೊದ್ದರೆ ಮುಗಿಯಿತು ಅನ್ನಬಹುದು. ಆದರೆ ತಗಡಿನ ಮನೆಯಲ್ಲಿ ಮಲಗಿದವರ ಕತೆ ಬೇರೆ. ರಾತ್ರಿ ತಗಡು ತನ್ನ ಶಾಖವನ್ನೆಲ್ಲಾ ಆಕಾಶಕ್ಕೆ ಬಿಟ್ಟುಕೊಟ್ಟು ಸುತ್ತಲಿನ ಗಾಳಿಗಿಂತಲೂ ತಣ್ಣಗಾಗುತ್ತದೆ. ಒಳಗಿನ ಉಸಿರು, ಒಲೆಯ ಹಬೆ ಅದಕ್ಕೆ ತಾಗಿ ನೀರಾಗಿ ಹಾಸಿಗೆ ಮೇಲೆ ತೊಟ್ಟಿಕ್ಕುತ್ತದೆ. ಧನುರ್ಮಾಸದ ಬೆಳಗಿನ ಜಾವ ಮಳೆ ಇಲ್ಲದೆಯೂ ಸೋರುವ ಮನೆ ಅದು.

ದೊಡ್ಡ ಹೊಡೆತ ಬೀಳುವುದು ಮಾರ್ಚಿನಿಂದ ಮೇವರೆಗೆ. ಬಯಲು ಸೀಮೆಯಲ್ಲಿ ಶಾಖದ ಅಲೆ ಎಂದು ಹವಾಮಾನ ಇಲಾಖೆ ಪರಿಗಣಿಸಬೇಕಾದರೆ ಉಷ್ಣಾಂಶ ಕನಿಷ್ಠ 40 ಡಿಗ್ರಿ ತಲುಪಿರಬೇಕು. ಆ 40 ಅಳೆಯುವುದು ನೆರಳಲ್ಲಿ, ಗಾಳಿಯಾಡುವ ಪೆಟ್ಟಿಗೆಯಲ್ಲಿ. ಹೊರಗೆ 37 ಇದ್ದ ದಿನವೂ ಕಾದ ಶೀಟಿನ ಕೆಳಗೆ ಕೂತವರ ಮೈ ಅದಕ್ಕಿಂತ ಹೆಚ್ಚಿನ ಬಿಸಿ ಉಣ್ಣುತ್ತದೆ. ಅದು ಯಾವ ಬುಲೆಟಿನ್ನಿನಲ್ಲೂ ದಾಖಲಾಗುವುದಿಲ್ಲ.

ಆರ್‌ಸಿಸಿ ಮನೆಯವರ ತೊಂದರೆ ಇನ್ನೊಂದು ಥರ. ಮೋಲ್ಡು ಹಗಲೆಲ್ಲಾ ಬಿಸಿಲು ಕುಡಿದು ರಾತ್ರಿ ಅದನ್ನು ಕೆಳಗೆ ಬಿಡುತ್ತದೆ. ಫ್ಯಾನು ಅದೇ ಬಿಸಿ ಗಾಳಿಯನ್ನು ಸುತ್ತಿಸುತ್ತದೆ. ಗೃಹಜ್ಯೋತಿಯಿಂದ ಫ್ಯಾನಿನ ಬಿಲ್ಲು ಇಳಿದಿರುವುದು ನಿಜ. ಆದರೆ ಆ ಯೋಜನೆ ಕೊಡುವುದು ಹಿಂದಿನ ಸರಾಸರಿ ಬಳಕೆಗಿಂತ ಸ್ವಲ್ಪವೇ ಹೆಚ್ಚು, ಗರಿಷ್ಠ 200 ಯೂನಿಟ್. ಎಸಿ ಹಾಕಿದರೆ ಆ ಲೆಕ್ಕ ಉಳಿಯುವುದು ಕಷ್ಟ.

ಯಾವ ಚಾವಣಿಗೆ ಏನು?

ತಗಡಿನ ಶೀಟಿಗೆ ಒಳಬದಿಯಿಂದ ಗಟ್ಟಿ ಫೋಮ್ ಹೊಡೆದರೆ ಬಿಸಿಲೂ ತಗ್ಗುತ್ತದೆ, ತೊಟ್ಟಿಕ್ಕುವುದೂ ನಿಲ್ಲುತ್ತದೆ. ಆದರೆ ಹಾಗೇ ಬಿಡುವಂತಿಲ್ಲ. ಅದರ ಮೇಲೆ ಬೆಂಕಿ ತಡೆಯುವ ಹೊದಿಕೆ ಬೇಕೇಬೇಕು.

ಸಿಮೆಂಟ್ ಶೀಟಾದರೆ ಹುಷಾರು. ನಮ್ಮಲ್ಲಿನ ಹಳೆಯ ಸಿಮೆಂಟ್ ಶೀಟುಗಳಲ್ಲಿ ಕಲ್ನಾರು ಇರುವುದೇ ಹೆಚ್ಚು. ಫೋಮ್ ಹಿಡಿಯಲಿ ಅಂತ ಅದನ್ನು ಉಜ್ಜಿದರೆ, ಕೊರೆದರೆ ಕಲ್ನಾರಿನ ಎಳೆ ಶ್ವಾಸಕೋಶ ಸೇರುತ್ತದೆ.

ಮೋಲ್ಡಿಗೆ ಶಾಖತಡೆ ಹಾಕುವುದಾದರೆ ತಾರಸಿ ಮೇಲೆ ಹಾಕುವುದು ಒಳ್ಳೆಯದು. ಆಗ ಕಾಂಕ್ರೀಟ್ ಕಾಯುವುದೇ ಇಲ್ಲ. ಫೋಮಿಗೆ ಬಿಸಿಲು ಆಗಿಬರುವುದಿಲ್ಲ, ಬೇಗ ಪುಡಿಯಾಗುತ್ತದೆ. ಹಾಗಾಗಿ ಮೇಲೆ ಟೈಲ್ಸು ಅಥವಾ ಕೋಟಿಂಗ್ ಇರಬೇಕು.

ಹೆಂಚಿನ ಮನೆಗೆ ಫೋಮ್ ಬೇಡ. ಹೆಂಚಿನ ಸಂದಿಯಲ್ಲಿ ಬಿಸಿಗಾಳಿ ಹೊರಗೆ ಹೋಗುತ್ತಿರುತ್ತದೆ. ಅದನ್ನು ಮುಚ್ಚಿದರೆ ಸೋರುವುದು ಕಣ್ಣಿಗೆ ಕಾಣುವುದಿಲ್ಲ, ಜಂತೆ, ರೀಪರು ಒಳಗೊಳಗೇ ಕೊಳೆಯುತ್ತವೆ. ಬ್ರಿಟನ್ನಿನಲ್ಲಿ ಮರದ ಚಾವಣಿಗೆ ಫೋಮ್ ಹೊಡೆಸಿದವರು ಇದನ್ನೇ ಅನುಭವಿಸುತ್ತಿದ್ದಾರೆ. ಮರ ಹಾಳಾಗಿದೆಯೋ ಇಲ್ಲವೋ ನೋಡಲು ಆಗುವುದಿಲ್ಲ ಎಂದು ಅಲ್ಲಿನ ಹಲವು ಬ್ಯಾಂಕುಗಳು ಅಂಥ ಮನೆಗೆ ಸಾಲ ಕೊಡಲು ಒಪ್ಪುತ್ತಿಲ್ಲ.

ಹೊಡೆಯುವವರ ಉಸಿರಿನ ಪ್ರಶ್ನೆ

ಐಸೋಸಯನೇಟ್ ಆವಿ ಅಸ್ತಮಾ ತರಿಸಬಲ್ಲದು. ಒಮ್ಮೆ ಮೈಗೆ ಆಗದಂತಾದರೆ ಆಮೇಲೆ ಸ್ವಲ್ಪ ತಗುಲಿದರೂ ಉಸಿರು ಕಟ್ಟುತ್ತದೆ. ಗನ್ ಹಿಡಿದ ಹುಡುಗರಿಗೆ ಗಾಳಿ ಪೂರೈಸುವ ಮಾಸ್ಕು, ಗ್ಲೌಸು, ಮೈಮುಚ್ಚುವ ಉಡುಪು ಇರಲೇಬೇಕು. ಮುಖಕ್ಕೆ ಟವೆಲ್ ಸುತ್ತಿಕೊಂಡು ಕೆಲಸಕ್ಕಿಳಿದರೆ ಅಲ್ಲೇ ನಿಲ್ಲಿಸಿ. ಮನೆಯವರು ಕನಿಷ್ಠ ಒಂದು ದಿನ ಹೊರಗಿರಬೇಕು. ಹುಳುಮನೆಗೆ ಹೊಡೆಸಿದ್ದರೆ ವಾಸನೆ ಪೂರ್ತಿ ಹೋಗುವ ತನಕ ಹುಳು ಬಿಡಬೇಡಿ. ಫೋಮ್ ಉರಿದರೆ ಕಾರ್ಬನ್ ಮಾನಾಕ್ಸೈಡ್ ಜೊತೆಗೆ ಹೈಡ್ರೋಜನ್ ಸಯನೈಡ್ ಕೂಡ ಬರುತ್ತದೆ. ಸೌದೆ ಒಲೆ ಉರಿಯುವ ಕೋಣೆಗೆ ಇದು ಸಲ್ಲದು.

ಫೋಮ್ ಉಬ್ಬಿಸಲು ಬಳಸುತ್ತಿದ್ದ ಎಚ್‌ಸಿಎಫ್‌ಸಿ-141ಬಿ ಓಜೋನ್ ಪದರಕ್ಕೆ ಮಾರಕ. ಭಾರತ ಅದರ ಆಮದನ್ನು 2020ರ ಜನವರಿಯಿಂದ ನಿಲ್ಲಿಸಿದೆ. ಈಗ ಏನು ಬಳಸುತ್ತೀರಿ ಎಂದು ಗುತ್ತಿಗೆದಾರರನ್ನು ಕೇಳುವ ಹಕ್ಕು ನಿಮಗಿದೆ.

ಮೊದಲು ಮಾಡಬಹುದಾದ ಅಗ್ಗದ ಕೆಲಸ

ತಾರಸಿಗೆ ಬಿಳಿ ಸುಣ್ಣ ಅಥವಾ ಬಿಸಿಲು ಹಿಮ್ಮೆಟ್ಟಿಸುವ ಬಿಳಿ ಬಣ್ಣ ಬಳಿಯುವುದು ಎಲ್ಲಕ್ಕಿಂತ ಅಗ್ಗ. ಸುಣ್ಣವಾದರೆ ಮಳೆಗಾಲ ಕಳೆದ ಮೇಲೆ ಮತ್ತೆ ಬಳಿಯಬೇಕು. ಶೀಟಿನ ಕೆಳಗೆ ಒಂದಡಿ ಜಾಗ ಬಿಟ್ಟು ಸೀಲಿಂಗ್ ಕಟ್ಟಿ, ಎರಡೂ ತುದಿಗೆ ಗಾಳಿ ಕಿಂಡಿ ಇಟ್ಟರೆ ಬಿಸಿ ಅಲ್ಲೇ ಹೊರಹೋಗುತ್ತದೆ. ಚಾವಣಿ ಮೇಲೆ ತೆಂಗಿನ ಗರಿ ಹೊದಿಸುವ ರೂಢಿ ಹುಳುಮನೆಯವರಿಗೆ ಹೊಸದೇನಲ್ಲ. ಒಣಗರಿಗೆ ಬೆಂಕಿ ಭಯ ಇದೆ ಅನ್ನುವುದನ್ನು ಮರೆಯಬಾರದು. ಇವೆಲ್ಲಾ ಬಿಸಿಲಿಗೆ ಮದ್ದು. ಚಳಿಗೂ ತೊಟ್ಟಿಕ್ಕುವುದಕ್ಕೂ ಬಿಳಿ ಬಣ್ಣ ಉಪಯೋಗಕ್ಕೆ ಬರುವುದಿಲ್ಲ, ಸೀಲಿಂಗ್ ಒಂದಿಷ್ಟು ಬರುತ್ತದೆ.

ಬಾಡಿಗೆ ಮನೆಯವರು ಇದರಲ್ಲಿ ಯಾವುದನ್ನೂ ಓನರ್ ಒಪ್ಪದೆ ಮಾಡುವಂತಿಲ್ಲ. ಕಬ್ಬು ಕಡಿಯಲು ಬಂದು ಗದ್ದೆ ಬದಿಯಲ್ಲಿ ಟಾರ್ಪಾಲು ಕಟ್ಟಿಕೊಂಡವರಿಗೆ ಚಾವಣಿಯೇ ಇಲ್ಲ.

ಕಾನೂನು ಎಲ್ಲಿಂದ ಶುರುವಾಗುತ್ತದೆ?

ಮನೆಗಳ ಶಾಖದ ಬಗ್ಗೆ ಕೇಂದ್ರ ಸರ್ಕಾರ 2018ರಲ್ಲೇ ಇಕೋ ನಿವಾಸ್ ಸಂಹಿತಾ ತಂದಿದೆ. ಚಾವಣಿಯ ಶಾಖ ದಾಟಿಸುವ ಪ್ರಮಾಣ ಅಂದರೆ ಯು-ಮೌಲ್ಯ 1.2 ಮೀರಬಾರದು ಎಂಬುದು ಅದರ ನಿಯಮ. ನಮ್ಮ ಬರೀ ಮೋಲ್ಡಿನದ್ದು ಸುಮಾರು 3.3. ಮೇಲೆ 25 ಮಿಲಿಮೀಟರ್ ಫೋಮ್ ಇದ್ದರೆ 0.8ರ ಹತ್ತಿರ ಇಳಿಯುತ್ತದೆ. ಒಳ್ಳೆಯ ನಿಯಮವೇ. ಆದರೆ ಅದು ಅನ್ವಯಿಸುವುದು 500 ಚದರ ಮೀಟರ್ ಅಥವಾ ಅದಕ್ಕಿಂತ ದೊಡ್ಡ ನಿವೇಶನಕ್ಕೆ. ನಮ್ಮ ಭಾಷೆಯಲ್ಲಿ ಹೇಳುವುದಾದರೆ ನಾಲ್ಕೂವರೆ 30-40 ಸೈಟು.

ಇನ್ನೊಂದು ಕಡೆ, ಪ್ರಧಾನಮಂತ್ರಿ ಆವಾಸ್ ಗ್ರಾಮೀಣ ಯೋಜನೆಯ ಮನೆಯ ಕನಿಷ್ಠ ಅಳತೆ 25 ಚದರ ಮೀಟರ್. ಬಯಲು ಪ್ರದೇಶದಲ್ಲಿ ಸಿಗುವ ನೆರವು 1.20 ಲಕ್ಷ ರೂಪಾಯಿ. ಗೋಡೆ ಎದ್ದು ಚಾವಣಿ ಬೀಳುವಷ್ಟರಲ್ಲೇ ಅದು ಖಾಲಿ. ಶಾಖತಡೆಗೆ ಉಳಿಯುವುದೇನು?

ಬೇರೆ ದಾರಿ ಇಲ್ಲ ಅಂತೇನಿಲ್ಲ. ಪಕ್ಕದ ತೆಲಂಗಾಣ 2023ರಲ್ಲಿ ಕೂಲ್ ರೂಫ್ ನೀತಿ ತಂದಾಗ ಸರ್ಕಾರಿ ಕಟ್ಟಡಗಳನ್ನೂ ಬಡವರಿಗೆ ಸರ್ಕಾರ ಕಟ್ಟಿಸುವ ಮನೆಗಳನ್ನೂ ಅದರೊಳಗೆ ತಂದಿತು. ಕರ್ನಾಟಕದಲ್ಲಿ ವಸತಿ ಯೋಜನೆಗಳನ್ನು ನಡೆಸುವುದು ರಾಜೀವ್ ಗಾಂಧಿ ಗ್ರಾಮೀಣ ವಸತಿ ನಿಗಮ. ಫಲಾನುಭವಿಗಳ ಪಟ್ಟಿ ಆಗುವುದು ಗ್ರಾಮಸಭೆಯಲ್ಲಿ. ಆ ಪಟ್ಟಿ ಓದುವ ದಿನ ಎದ್ದು ನಿಂತು ಕೇಳಬೇಕಾದ್ದು ಮೂರು: ಅಂದಾಜು ಪಟ್ಟಿಯಲ್ಲಿ ಚಾವಣಿಯ ಶಾಖತಡೆಗೆ ಪ್ರತ್ಯೇಕ ಹಣ ಇಡಿ. ಈಗಿರುವ ಶೀಟಿನ ಮನೆಗಳನ್ನು ಎಣಿಸಿ, ಬೇಸಿಗೆಗೆ ಮುಂಚೆ ಬಿಳಿ ಬಣ್ಣ ಬಳಿಸಿ. ಅಂಗನವಾಡಿ, ಶಾಲೆಯ ಚಾವಣಿಯಿಂದ ಶುರುಮಾಡಿ.

ಹುಳುಮನೆ ಕಟ್ಟಲು ಸರ್ಕಾರ ಸಹಾಯಧನ ಕೊಡುತ್ತದೆ, ಕೊಡಬೇಕು ಕೂಡ. ಹುಳು ಬಿಸಿಲಿಗೆ ಸತ್ತರೆ ಬೆಳೆ ನಷ್ಟ ಎಂದು ಲೆಕ್ಕ ಬರೆಯುವ ವ್ಯವಸ್ಥೆ, ರಾತ್ರಿ ನಿದ್ದೆಗೆಟ್ಟು ಬೆಳಿಗ್ಗೆ ಗಾರ್ಮೆಂಟ್ಸ್ ಬಸ್ಸು ಹತ್ತುವ ಹೆಣ್ಣುಮಕ್ಕಳ ನಷ್ಟವನ್ನೂ ಬರೆಯಲು ಶುರುಮಾಡಲಿ.