ಕ್ರಾಖುತ್ ಗ್ರಾಮದ ಸಾಕ್ಷಿಗಳು

1798ರ ಡಿಸೆಂಬರ್ 19. ರಾತ್ರಿ ಸುಮಾರು 8 ಗಂಟೆಯ ವೇಳೆಗೆ ಕಾಶಿಯ ಸುತ್ತಮುತ್ತಲ ಜನರು ಆಕಾಶದಲ್ಲಿ ಸಾಗಿಹೋದ ದೊಡ್ಡದೊಂದು ಬೆಂಕಿಯ ಚೆಂಡನ್ನು ಕಂಡರು. ನೆಲದ ಮೇಲೆ ಬೆಳದಿಂಗಳಿನಂತಹ ಬೆಳಕು ಹರಡಿತು. ಗುಡುಗಿನಂತಹ ಸದ್ದು, ಅದರ ಹಿಂದೆಯೇ ಭಾರವಾದ ವಸ್ತುಗಳು ನೆಲಕ್ಕೆ ಅಪ್ಪಳಿಸಿದ ಶಬ್ದ. ನಗರದಿಂದ 14 ಮೈಲಿ ದೂರದಲ್ಲಿ, ಗೋಮತಿ ನದಿಯ ಉತ್ತರಕ್ಕಿರುವ ಕ್ರಾಖುತ್ ಗ್ರಾಮದವರು ಮರುದಿನ ಹೊಲಗಳಲ್ಲಿ ಮಣ್ಣು ಅಲ್ಲಲ್ಲಿ ಕೆದರಿರುವುದನ್ನು ಕಂಡು ಅಗೆದಾಗ ಕಲ್ಲುಗಳು ದೊರೆತವು. ಸುಮಾರು ಎರಡು ಪೌಂಡ್ ತೂಕದ ಒಂದು ಕಲ್ಲಂತೂ ಕಾವಲುಗಾರನೊಬ್ಬನ ಗುಡಿಸಲಿನ ಮಾಡನ್ನು ತೂರಿಕೊಂಡು ಬಂದು, ಗಟ್ಟಿಯಾದ ನೆಲದಲ್ಲಿ ಹೂತುಹೋಗಿತ್ತು.

ಆಕಾಶದಿಂದ ಕಲ್ಲು ಬೀಳುವುದೆಂದರೆ ಅಂದಿನ ಯೂರೋಪಿನ ವಿದ್ವಾಂಸರಿಗೆ ಹಳ್ಳಿಗರ ಭ್ರಮೆ. 1768ರಲ್ಲಿ ಫ್ರಾನ್ಸಿನ ಲ್ಯೂಸೆ ಎಂಬಲ್ಲಿ ಕಲ್ಲು ಬಿದ್ದುದನ್ನು ರೈತರು ಕಣ್ಣಾರೆ ಕಂಡು ಹೇಳಿದ್ದರು. ಆಧುನಿಕ ರಸಾಯನಶಾಸ್ತ್ರದ ಜನಕನೆನಿಸಿದ ಲಾವೋಸಿಯೆಯೂ ಸೇರಿದ್ದ ಪರಿಶೀಲನಾ ಮಂಡಲಿಯು, ಅದು ನೆಲದಲ್ಲಿಯೇ ಇದ್ದು ಸಿಡಿಲು ಬಡಿದ ಕಲ್ಲೆಂದು ನಿರ್ಣಯಿಸಿತು. ಪರೀಕ್ಷಕರ ಪ್ರಾಮಾಣಿಕತೆಯಲ್ಲಿ ಸಂಶಯವಿಲ್ಲ. ಸಾಕ್ಷಿಯ ಮಾತಿಗಿಂತ ತಮ್ಮ ಪೂರ್ವಗ್ರಹಕ್ಕೆ ಹೆಚ್ಚಿನ ಬೆಲೆ ಕಟ್ಟಿದುದೇ ಅವರ ತಪ್ಪು. 1794ರಲ್ಲಿ ಜರ್ಮನಿಯ ಖ್ಲಾದ್ನಿಯು ಇಂತಹ ಹಲವು ಹೇಳಿಕೆಗಳನ್ನು ತಾಳೆ ನೋಡಿ, ಕಲ್ಲುಗಳೂ ಬೆಂಕಿಯ ಚೆಂಡುಗಳೂ ಅಂತರಿಕ್ಷದಿಂದಲೇ ಬರುವುವೆಂದು ಬರೆದನು. ಆತನು ಕಾನೂನು ಓದಿದವನೆಂಬುದು ಗಮನಾರ್ಹ. ಆದರೂ ಆ ಮಾತನ್ನು ಹೆಚ್ಚಿನವರು ಒಪ್ಪಲಿಲ್ಲ.

ಕಾಶಿಯ ಪ್ರಕರಣವನ್ನು ವಿಚಾರಿಸಿದ ಜಾನ್ ಲಾಯ್ಡ್ ವಿಲಿಯಮ್ಸ್ ಎಂಬ ಆಂಗ್ಲನು ಗ್ರಾಮಸ್ಥರ ಮಾತನ್ನು ತಳ್ಳಿಹಾಕದೆ ಬರೆದಿಟ್ಟುಕೊಂಡನು. ಆ ರಾತ್ರಿ ಆಕಾಶದಲ್ಲಿ ಮೋಡದ ತುಣುಕೂ ಇರಲಿಲ್ಲ. ಸಮೀಪದಲ್ಲಿ ಜ್ವಾಲಾಮುಖಿಯೂ ಇಲ್ಲ. ಮೋಡವಿಲ್ಲದ ಮೇಲೆ ಸಿಡಿಲೆಲ್ಲಿಯದು? ಕಲ್ಲುಗಳ ಹೊರಮೈ ಕಪ್ಪು ಕವಚದಂತಿತ್ತು, ಒಳಗೆ ಬೂದುಬಣ್ಣ. ಅತಿವೇಗದಿಂದ ವಾಯುಮಂಡಲವನ್ನು ಹೊಕ್ಕ ಶಿಲೆಯ ಹೊರಪದರವು ಕರಗಿ ಹೆಪ್ಪುಗಟ್ಟಿದುದೇ ಆ ಕವಚವೆಂದು ಈಗ ತಿಳಿದಿದೆ.

ಲಂಡನ್ನಿನಲ್ಲಿ ಎಡ್ವರ್ಡ್ ಹೋವರ್ಡನು ಕಾಶಿಯ ಕಲ್ಲನ್ನು ಇಂಗ್ಲೆಂಡ್, ಇಟಲಿ ಹಾಗೂ ಬೊಹೆಮಿಯಾಗಳಲ್ಲಿ ಬಿದ್ದ ಕಲ್ಲುಗಳೊಡನೆ ಹೋಲಿಸಿ 1802ರಲ್ಲಿ ಫಲಿತಾಂಶವನ್ನು ಪ್ರಕಟಿಸಿದನು. ಎಲ್ಲವುಗಳ ಸ್ವರೂಪವೂ ಒಂದೇ ಬಗೆಯದು. ಎಲ್ಲವುಗಳಲ್ಲಿಯೂ ನಿಕ್ಕಲ್ ಲೋಹ. ಸಾವಿರಾರು ಮೈಲಿಗಳ ಅಂತರದಲ್ಲಿದ್ದ, ಒಬ್ಬರನ್ನೊಬ್ಬರು ಅರಿಯದ ರೈತರೆಲ್ಲ ಕೂಡಿ ಸುಳ್ಳು ಹೇಳಿದರೆನ್ನಲು ಇನ್ನು ಆಸ್ಪದವಿರಲಿಲ್ಲ. 1803ರಲ್ಲಿ ಫ್ರಾನ್ಸಿನ ಲೆಗ್ಲ್ ಎಂಬಲ್ಲಿ ಕಲ್ಲಿನ ಮಳೆಯೇ ಆದಾಗ, ಸರ್ಕಾರ ಕಳುಹಿದ ಬಿಯೋ ಎಂಬ ವಿಜ್ಞಾನಿಯು ಊರೂರು ತಿರುಗಿ ಜನರನ್ನು ವಿಚಾರಿಸಿ, ಅವರು ಹೇಳಿದ್ದು ನಿಜವೆಂದು ವರದಿ ಒಪ್ಪಿಸಿದನು.

ವಿಲಿಯಮ್ಸ್, ಹೋವರ್ಡ್, ಬಿಯೋ ಇವರ ಹೆಸರುಗಳು ವಿಜ್ಞಾನದ ಚರಿತ್ರೆಯಲ್ಲಿ ಉಳಿದಿವೆ. ಮಾಡು ಒಡೆದ ಗುಡಿಸಲಿನವನು ಮಾತ್ರ ಬರಿಯ ‘ಕಾವಲುಗಾರ’.