ದುಂಬಿಯ ಹೊಟ್ಟೆಯಲ್ಲಿ ನುಸಿಗೊಂದು ಕೋಣೆ

ಹೋದ ಬೇಸಿಗೆಯಲ್ಲಿ ವಡಗೇರಾದ ನಮ್ಮ ಮನೆಯ ಜಂತಿ ಕೊರೆಯುತ್ತಿದ್ದ ಕರಿ ದುಂಬಿಯ ಫೋಟೋ ತೆಗೆದಿದ್ದೆ, ಲೆನ್ಸ್ ಉಲ್ಟಾ ಹಾಕಿ. ಸೊಂಟದ ಹತ್ತಿರ ಬಿಳಿ ಚುಕ್ಕೆಗಳು. ಧೂಳು ಅಂತ ಫೋಟೋಶಾಪಿನಲ್ಲಿ ಒರೆಸಿಬಿಟ್ಟೆ!

ಆಮೇಲೆ ಓದಿದಾಗ ಗೊತ್ತಾಯ್ತು, ಅವು ನುಸಿಗಳಿರಬೇಕು; ತೆಂಗಿಗೆ ಬೀಳುವ ನುಸಿಯ ದೂರದ ನೆಂಟರು. ಇಂಥ ಕೆಲವು ಜಾತಿಯ ಹೆಣ್ಣು ದುಂಬಿಗಳ ಹೊಟ್ಟೆಯ ಮೊದಲ ಖಂಡದಲ್ಲಿ ನುಸಿಗೆಂದೇ ಪುಟ್ಟ ಕೋಣೆಯಿದೆ ಅಂತ ಪರ್ಕಿನ್ಸ್ ಎಂಬ ಬ್ರಿಟಿಷ್ ಕೀಟತಜ್ಞ 1899ರಲ್ಲೇ ಬರೆದಿದ್ದ. ಮುಂದೆ ರೋಪ್ಕೆ ಎಂಬ ವಿಜ್ಞಾನಿ ಅದಕ್ಕೆ ‘ಅಕಾರಿನೇರಿಯಂ’ ಅಂತ ಹೆಸರಿಟ್ಟ. ತಾಯಿ ದುಂಬಿ ಹೊಸ ಗೂಡು ಕೊರೆಯಲು ಹೊರಟರೆ ನುಸಿಗಳದ್ದೂ ಜೊತೆಗೇ ಸವಾರಿ.

ನೂರು ವರ್ಷಕ್ಕೂ ಹಿಂದೆ ಒಬ್ಬ ಕಂಡು ಬರೆದಿಟ್ಟದ್ದನ್ನು ನಾನು ಒಂದೇ ಕ್ಲಿಕ್ಕಿಗೆ ಅಳಿಸಿದ್ದೆ. ಪುಣ್ಯಕ್ಕೆ ಮೂಲ ಫೈಲು ಮೆಮರಿ ಕಾರ್ಡಿನಲ್ಲೇ ಇತ್ತು. ನೀವೂ ಒರೆಸುವ ಮುಂಚೆ ಒಮ್ಮೆ ದೊಡ್ಡದು ಮಾಡಿ ನೋಡಿ.